ಗೋಲವಿದ ಸಂಗಮಗ್ರಾಮದ ಮಾಧವ

ನಮ್ಮ ನಾಡಿನ ಊರೂರುಗಳಲ್ಲಿಯೂ ತರುಣ ತರುಣಿಯರು ಇಂದು ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವ ವಿದ್ಯೆಯನ್ನು ಕಲಿಯುತ್ತಿರುವರು. ಅದಕ್ಕೆಂದು ಏರ್ಪಟ್ಟ ಪೈಥಾನ್, ಸಿ, ಜಾವಾ ಮುಂತಾದ ಕೃತಕ ಭಾಷೆಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಎಟ್ಯಾನ್ ಎಂಬೊಂದು ಪುಟ್ಟ ಪದವು ಸಿದ್ಧವಾಗಿರುತ್ತದೆ. ಎತ್ತರಕ್ಕೂ ದೂರಕ್ಕೂ ಇರುವ ಪ್ರಮಾಣವನ್ನು ಅದಕ್ಕೆ ಒಪ್ಪಿಸಿದರೆ, ಕೋನವೆಷ್ಟೆಂಬುದನ್ನು ಯಂತ್ರವು ರೆಪ್ಪೆ ಬಡಿಯುವಷ್ಟರೊಳಗೆ ಹೇಳಿಬಿಡುವುದು. ಹಡಗು ನಡೆಸುವವನಿಗೂ, ಭೂಮಿಯನ್ನು ಅಳೆಯುವವನಿಗೂ, ಯಂತ್ರದ ತೋಳನ್ನು ತಿರುಗಿಸುವವನಿಗೂ ಇದು ನಿತ್ಯದ ಉಪಕರಣ. ಕೈಗೆ ಸುಲಭವಾಗಿ ಸಿಕ್ಕ ಉಪಕರಣವನ್ನು ಮಾಡಿದವರು ಯಾರೆಂದು ಕೇಳುವ ರೂಢಿ ಲೋಕದಲ್ಲಿ ಕಡಮೆ. ಈ ಕೆಲಸಕ್ಕೆ ಬೇಕಾದ ಶ್ರೇಢಿಯನ್ನು, ಇದುವರೆಗೆ ದೊರೆತ ಆಧಾರಗಳಂತೆ, ಲೋಕದಲ್ಲಿ ಮೊದಲು ಕಂಡವನು ಆರು ನೂರು ವರ್ಷಗಳ ಹಿಂದೆ ಕೇರಳದಲ್ಲಿ ಬಾಳಿದ ಮಾಧವನು. ಆತನ ಜೀವಿತವನ್ನು ತಿಳಿದಮಟ್ಟಿಗೆ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ವಿಷಯದ ಹೆಸರನ್ನೇ ನೋಡೋಣ. ನಮ್ಮ ಪೂರ್ವಿಕರು ವೃತ್ತದ ಒಂದು ತುಣುಕನ್ನು ಬಿಲ್ಲಿಗೆ ಹೋಲಿಸಿ ಚಾಪವೆಂದರು. ಅದರ ಎರಡು ತುದಿಗಳನ್ನು ಕೂಡಿಸುವ ಸರಳರೇಖೆಯನ್ನು ಬಿಲ್ಲಿನ ಹೆದೆಗೆ ಹೋಲಿಸಿ ಜ್ಯಾ ಎಂದರು. ಆ ಹೆದೆಯ ಅರ್ಧವೇ ಮುಂದೆ ಜ್ಯಾ ಎಂಬ ಹೆಸರಿನಿಂದ ರೂಢಿಯಾಗಿ, ಅರಬ್ಬರ ಮೂಲಕ ಐರೋಪ್ಯರನ್ನು ಮುಟ್ಟಿ, ಸೈನ್ ಎಂಬ ವೇಷದಿಂದ ನಮ್ಮ ಶಾಲೆಗಳಿಗೆ ಮರಳಿತು. ಚಾಪವು ತಿಳಿದಿರುವಾಗ ಜ್ಯಾವನ್ನು ಕಾಣುವುದು ಒಂದು ಕೆಲಸ. ಜ್ಯಾ ತಿಳಿದಿರುವಾಗ ಚಾಪವನ್ನು ಕಾಣುವುದು ಅದರ ವಿಲೋಮ. ಅದಕ್ಕೆ ಚಾಪೀಕರಣವೆಂದು ಹೆಸರು. ಗಣಕಭಾಷೆಗಳ ಎಸೈನ್, ಎಕಾಸ್, ಎಟ್ಯಾನ್ ಎಂಬ ಪದಗಳ ಮೊದಲ ಅಕ್ಷರವು ಆರ್ಕ್ ಎಂಬ ಶಬ್ದದ ಸಂಕ್ಷೇಪ. ಆರ್ಕ್ ಎಂದರೂ ಬಿಲ್ಲಿನ ಬಾಗೇ. ಆದುದರಿಂದ ಈ ವಿದ್ಯೆಗೆ ನಮ್ಮಲ್ಲಿ ಹೊಸ ಹೆಸರನ್ನು ಹುಡುಕಬೇಕಾದ ಅಗತ್ಯವಿಲ್ಲ.

ಮಾಧವನ ಕಾಲವನ್ನು ವಿದ್ವಾಂಸರು ಸುಮಾರು 1340ರಿಂದ 1425ರ ವರೆಗೆಂದು ಗೊತ್ತುಮಾಡಿರುವರು. ಇತ್ತ ವಿಜಯನಗರದಲ್ಲಿ ಸಂಗಮ ವಂಶದ ಅರಸರು ಆಳುತ್ತಿದ್ದ ಕಾಲವದು. ವಿದ್ಯಾರಣ್ಯರೊಡನೆ ಹೆಸರು ಬೆರೆತಿರುವ ಮಾಧವಾಚಾರ್ಯನು ಈತನಲ್ಲ. ದ್ವೈತಮತದ ಮಧ್ವಾಚಾರ್ಯರಂತೂ ಅಲ್ಲವೇ ಅಲ್ಲ. ಈತನ ಊರಾದ ಸಂಗಮಗ್ರಾಮವನ್ನು ತ್ರಿಶೂರಿನ ಹತ್ತಿರದ ಇರಿಂಜಾಲಕುಡವೆಂದು ಬಹುಮಂದಿ ವಿದ್ವಾಂಸರು ಗುರುತಿಸುವರು. ಭರತಸ್ವಾಮಿಯ ಕೂಡಲ್ ಮಾಣಿಕ್ಯಂ ದೇವಾಲಯದಿಂದ ಪ್ರಸಿದ್ಧವಾದ ಊರು ಅದು. ಕೂಡಲ್ ಎಂದರೆ ನಮ್ಮ ಕೂಡಲದಂತೆ ಸಂಗಮವೆಂದೇ ಅರ್ಥ. ಆತನ ಮನೆಯ ಹೆಸರಿನಲ್ಲಿ ಬಕುಳ ವೃಕ್ಷದ ಉಲ್ಲೇಖವಿದೆ. ಆತನು ಎಂಬ್ರಾನ್ ಬ್ರಾಹ್ಮಣನೆಂದು ಹಳೆಯ ವ್ಯಾಖ್ಯಾನವೊಂದರಿಂದ ತಿಳಿದುಬರುವುದು. ಎಂಬ್ರಾಂದಿರಿಗಳೆಂದರೆ ತುಳುನಾಡಿನ ಕಡೆಯಿಂದ ಹೋಗಿ ಕೇರಳದಲ್ಲಿ ನೆಲೆಸಿದವರೆಂದು ಪ್ರತೀತಿ. ಈ ಎಳೆಯನ್ನು ಹಿಡಿದು ಮಾಧವನನ್ನು ನಮ್ಮವನೆಂದು ಸೆಳೆದುಕೊಳ್ಳಲು ಹೊರಡುವುದು ಸಲ್ಲದು. ಆತನು ಬೆಳೆದುದು, ಕಲಿಸಿದುದು, ನೆನಪಿನಲ್ಲಿ ಉಳಿದುದು ಕೇರಳದಲ್ಲಿ.

ಆತನ ತಂದೆತಾಯಿಗಳು, ಗುರುಗಳು, ಸಂಸಾರ, ಆಶ್ರಯದಾತರು ಇವುಗಳ ವಿಚಾರವಾಗಿ ಚರಿತ್ರೆಯು ಮೌನವಾಗಿದೆ. ಉಳಿದ ಗ್ರಂಥಗಳು ಚಂದ್ರನ ಮತ್ತು ಗ್ರಹಗಳ ಗಣಿತಕ್ಕೆ ಸಂಬಂಧಪಟ್ಟವು. ಅವುಗಳಲ್ಲಿ ವೇಣ್ವಾರೋಹವು ಹೆಸರಾದದ್ದು. ಬಿದಿರನ್ನು ಗೆಣ್ಣುಗೆಣ್ಣಾಗಿ ಏರುವಂತೆ, ದಿನವೊಂದಕ್ಕೆ ಒಂಬತ್ತು ಸಲ ಚಂದ್ರನ ಸ್ಫುಟಸ್ಥಾನವನ್ನು ಕಾಣುವ ಉಪಾಯ ಅದರಲ್ಲಿದೆ. ಸ್ಫುಟಚಂದ್ರಾಪ್ತಿ, ಅಗಣಿತಗ್ರಹಚಾರ ಎಂಬಿವು ಬೇರೆ ಕೃತಿಗಳು. ಆದರೆ ಆತನ ಕೀರ್ತಿಗೆ ಮುಖ್ಯ ಕಾರಣವಾದ ಶ್ರೇಢಿಗಳನ್ನು ವಿವರಿಸುವ ಸ್ವಂತ ಗ್ರಂಥವೊಂದೂ ಇದುವರೆಗೆ ಸಿಕ್ಕಿಲ್ಲ. ಅವು ನಮಗೆ ತಲುಪಿರುವುದು ಶಿಷ್ಯಪ್ರಶಿಷ್ಯರ ಬಾಯಿಂದ. ಅವರು ಆತನನ್ನು ಗೋಲವಿದನೆಂದು, ಅಂದರೆ ಗೋಲದ ತತ್ತ್ವವನ್ನು ಬಲ್ಲವನೆಂದು, ಗೌರವದಿಂದ ಸ್ಮರಿಸಿರುವರು.

ಚಾಪೀಕರಣದ ಅಗತ್ಯವು ಆ ಕಾಲದ ಜ್ಯೋತಿಷಿಗೆ ಹೇಗೆ ಒದಗುತ್ತಿತ್ತೆಂಬುದಕ್ಕೆ ಒಂದು ನಿದರ್ಶನವನ್ನು ಕೊಡೋಣ. ಹನ್ನೆರಡು ಅಂಗುಲದ ಶಂಕುವನ್ನು ಸಮನೆಲದಲ್ಲಿ ನಿಲ್ಲಿಸಿ, ಹಗಲಿರುಳು ಸಮವಾಗುವ ವಿಷುವದ ದಿನ ನಡುಹಗಲಿನಲ್ಲಿ ಅದರ ನೆರಳನ್ನು ಅಳೆಯುವುದು ಹಿಂದಿನಿಂದ ಬಂದ ಪದ್ಧತಿ. ನೆರಳನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಆ ಊರಿನ ಅಕ್ಷಾಂಶದ ಟ್ಯಾನ್ ಮೌಲ್ಯ. ಆದರೆ ಪಂಚಾಂಗ ಗಣಿಸುವವನಿಗೆ ಬೇಕಾದುದು ಭಾಗಲಬ್ಧವಲ್ಲ, ಬೇಕಾದುದು ಅಕ್ಷಾಂಶವೇ. ಭಾಗಲಬ್ಧದಿಂದ ಕೋನಕ್ಕೆ ಹೋಗುವ ದಾರಿಯಾವುದು? ಕೋಷ್ಟಕವನ್ನು ತೆರೆದು ಎರಡು ಮೌಲ್ಯಗಳ ನಡುವೆ ಅಂದಾಜು ಮಾಡುವುದು ಹಳೆಯ ದಾರಿ. ಮಾಧವನು ಅಂದಾಜನ್ನು ಬಿಟ್ಟು, ಬೇಕಾದಷ್ಟು ಸೂಕ್ಷ್ಮವಾಗಿ ಉತ್ತರ ಕೊಡಬಲ್ಲ ಕ್ರಮವೊಂದನ್ನು ಕಂಡುಕೊಂಡನು.

ಆ ಕ್ರಮದ ಯುಕ್ತಿಯನ್ನು ನಮ್ಮಂತೆ ಮೆಟ್ರಿಕ್ಯುಲೇಷನ್ನಿಗೇ ಗಣಿತವನ್ನು ನಿಲ್ಲಿಸಿದವರೂ ಗ್ರಹಿಸಬಹುದು. ವೃತ್ತಕ್ಕೆ ಹೊರಗಿನಿಂದ ತಾಗುವ ಒಂದು ಸರಳರೇಖೆಯನ್ನು ಎಳೆದು, ಅದನ್ನು ಅತಿ ಸಣ್ಣ ಸಮಭಾಗಗಳಾಗಿ ಕತ್ತರಿಸಬೇಕು. ಕೇಂದ್ರದಿಂದ ಪ್ರತಿಯೊಂದು ಭಾಗದ ತುದಿಗೂ ಗೆರೆ ಎಳೆದರೆ, ಅವು ವೃತ್ತದ ಮೇಲೆ ಅಷ್ಟೇ ಸಂಖ್ಯೆಯ ಕಿರುಚಾಪಗಳನ್ನು ಕೊಯ್ಯುತ್ತವೆ. ತ್ರಿಜ್ಯವನ್ನು ಒಂದೆಂದಿಟ್ಟುಕೊಂಡರೆ, ಸ್ಪರ್ಶಬಿಂದುವಿನಿಂದ ಆ ಭಾಗಕ್ಕಿರುವ ದೂರದ ವರ್ಗಕ್ಕೆ ಒಂದನ್ನು ಕೂಡಿಸಿ, ಅದರಿಂದ ಭಾಗದ ಉದ್ದವನ್ನು ಭಾಗಿಸಿದರೆ ಕಿರುಚಾಪವು ದೊರೆಯುವುದು. ಈ ಭಾಗಾಕಾರವನ್ನು ಒಮ್ಮೆಲೇ ಮಾಡದೆ, ಒಂದರಿಂದ ವರ್ಗವನ್ನು ಕಳೆ, ವರ್ಗದ ವರ್ಗವನ್ನು ಕೂಡಿಸು ಎಂದು ಕಳೆಯುತ್ತ ಕೂಡಿಸುತ್ತ ಹೋಗುವುದು ಈ ಪರಂಪರೆಯ ಜಾಣ್ಮೆ. ಕೊನೆಗೆ ಎಲ್ಲ ಕಿರುಚಾಪಗಳನ್ನೂ ಒಟ್ಟುಗೂಡಿಸಬೇಕು. ವರ್ಗಗಳ ಮೊತ್ತವು ಮೂರನೆಯ ಒಂದು ಪಾಲನ್ನೂ, ನಾಲ್ಕನೆಯ ಘಾತಗಳ ಮೊತ್ತವು ಐದನೆಯ ಒಂದು ಪಾಲನ್ನೂ, ಆರನೆಯ ಘಾತಗಳ ಮೊತ್ತವು ಏಳನೆಯ ಒಂದು ಪಾಲನ್ನೂ ಕೊಡುತ್ತವೆ. ಭಾಗಗಳನ್ನು ಎಣೆಯಿಲ್ಲದಷ್ಟು ಸಣ್ಣದಾಗಿಸಿದಾಗ ಈ ಪಾಲುಗಳು ನಿಖರವಾಗುವುವು. ಹೀಗೆ ದೊರೆತ ಸೂತ್ರವು ಇದು: ಟ್ಯಾನ್ ಮೌಲ್ಯದಿಂದ ಅದರ ಘನದ ಮೂರನೆಯ ಒಂದನ್ನು ಕಳೆದು, ಐದನೆಯ ಘಾತದ ಐದನೆಯ ಒಂದನ್ನು ಕೂಡಿಸಿ, ಏಳನೆಯ ಘಾತದ ಏಳನೆಯ ಒಂದನ್ನು ಕಳೆದು, ಹೀಗೆಯೇ ಮುಂದುವರಿದರೆ ಚಾಪವು ಸಿದ್ಧಿಸುವುದು.

ಮಾತಿಗಿಂತ ಲೆಕ್ಕವೇ ಲೇಸು. ಶಂಕುವಿನ ನೆರಳು 2.2 ಅಂಗುಲವಿತ್ತೆಂದು ಇಟ್ಟುಕೊಳ್ಳೋಣ. 2.2ನ್ನು 12ರಿಂದ ಭಾಗಿಸಿ, ಹಿಂದಿನವರ ತ್ರಿಜ್ಯಮಾನವಾದ 3437.75 ಕಲೆಗಳಿಂದ ಗುಣಿಸಿದರೆ ಮೊದಲ ಪದವು 630.25 ಕಲೆ, ಎರಡನೆಯದು 7.06 ಕಲೆ, ಮೂರನೆಯದು 0.14 ಕಲೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಮೂರನೆಯದನ್ನು ಕೂಡಿಸಿದರೆ 623.33 ಕಲೆ. ಅರವತ್ತು ಕಲೆಗೆ ಒಂದು ಡಿಗ್ರಿಯಂತೆ ಅದು 10 ಡಿಗ್ರಿ 23 ಕಲೆಯಾಯಿತು. ಇರಿಂಜಾಲಕುಡದ ಆಸುಪಾಸಿನ ಅಕ್ಷಾಂಶವೂ ಸರಿಸುಮಾರಾಗಿ ಇದೇ. ಇದೇ ಭಾಗಲಬ್ಧವನ್ನು ಪೈಥಾನಿನ ಎಟ್ಯಾನಿಗೆ ಕೊಟ್ಟರೆ 0.18132 ಎಂಬ ಉತ್ತರ ಬರುವುದು. ಹೊಸದಾಗಿ ಕಲಿಯುವವರು ಇಲ್ಲಿ ತಬ್ಬಿಬ್ಬಾಗುವುದುಂಟು. ಯಂತ್ರವು ಡಿಗ್ರಿಯಲ್ಲಿ ಮಾತನಾಡುವುದಿಲ್ಲ, ರೇಡಿಯನ್ನಿನಲ್ಲಿ ಮಾತನಾಡುತ್ತದೆ. ಎಂದರೆ ಚಾಪದ ಉದ್ದವನ್ನು ತ್ರಿಜ್ಯದಿಂದಲೇ ಅಳೆಯುತ್ತದೆ. ಒಂದು ರೇಡಿಯನ್ನಿಗೆ ಎಷ್ಟು ಕಲೆಗಳೆಂದು ಕೇಳಿದರೆ ಉತ್ತರವು ಅದೇ 3437.75. ತ್ರಿಜ್ಯವನ್ನೂ ಚಾಪವನ್ನೂ ಒಂದೇ ಮಾನದಿಂದ ಅಳೆಯುವ ನಮ್ಮ ಜ್ಯೋತಿಷಿಗಳ ಪದ್ಧತಿಯೂ ಇಂದಿನ ರೇಡಿಯನ್ನೂ ತತ್ತ್ವದಲ್ಲಿ ಒಂದೇ.

ಆದರೆ ಸೂತ್ರವನ್ನು ಕೊಟ್ಟುದಕ್ಕಿಂತಲೂ, ಸೂತ್ರವು ಎಲ್ಲಿ ಸಲ್ಲುತ್ತದೆ ಎಲ್ಲಿ ಸಲ್ಲುವುದಿಲ್ಲವೆಂದು ಜೊತೆಯಲ್ಲಿಯೇ ಹೇಳಿದುದು ನಮಗೆ ಹೆಚ್ಚು ಮಹತ್ತಾಗಿ ತೋರುತ್ತದೆ. ಭುಜ ಮತ್ತು ಕೋಟಿಗಳೆರಡರಲ್ಲಿ ಯಾವುದು ಚಿಕ್ಕದೋ ಅದನ್ನೇ ಮೇಲೆ ಇಟ್ಟುಕೊಂಡು ಗಣಿಸತಕ್ಕದ್ದು. ತಪ್ಪಿದರೆ ಎಷ್ಟು ಪದಗಳನ್ನು ಲೆಕ್ಕಹಾಕಿದರೂ ಫಲಕ್ಕೆ ಕೊನೆಯೇ ಇರುವುದಿಲ್ಲವೆಂದು ಈ ಪರಂಪರೆಯ ವಿಧಿಯು ಎಚ್ಚರಿಸುತ್ತದೆ. ಇಂದಿನವರ ಮಾತಿನಲ್ಲಿ ಹೇಳುವುದಾದರೆ, ಟ್ಯಾನ್ ಮೌಲ್ಯವು ಒಂದನ್ನು ಮೀರಕೂಡದು. ಮೀರಿದಾಗ ಪದಗಳು ಕುಗ್ಗದೆ ಹಿಗ್ಗುತ್ತ ಹೋಗುತ್ತವೆ. ಆಗ ಭಾಗಲಬ್ಧವನ್ನು ತಲೆಕೆಳಗೆ ಮಾಡಿ, ಬಂದ ಚಾಪವನ್ನು ತೊಂಬತ್ತು ಡಿಗ್ರಿಯಿಂದ ಕಳೆಯಬೇಕು. ಯಂತ್ರದೊಳಗೆ ಎಟ್ಯಾನನ್ನು ರಚಿಸಿದವರೂ ದೊಡ್ಡ ಮೌಲ್ಯಗಳಿಗೆ ಇದೇ ಉಪಾಯವನ್ನು ಮಾಡಿರುವರು.

ಇದೇ ಬಗೆಯ ಎಚ್ಚರಿಕೆಯು ಕ್ರಮವಿಧಿಕಾರನಿಗೆ ಇನ್ನೆರಡು ಕಡೆ ಬೇಕಾಗುವುದು. ಭಾಗಲಬ್ಧವೊಂದನ್ನೇ ಕೊಟ್ಟರೆ ದಿಕ್ಕು ಕಳೆದುಹೋಗುತ್ತದೆ. ಈಶಾನ್ಯಕ್ಕೆ ಹೋದವನಿಗೂ ನೈರುತ್ಯಕ್ಕೆ ಹೋದವನಿಗೂ ಭಾಗಲಬ್ಧವು ಒಂದೇ. ಎರಡು ಋಣಚಿಹ್ನೆಗಳು ಒಂದನ್ನೊಂದು ಅಳಿಸಿಬಿಡುವುದರಿಂದ ಎಟ್ಯಾನಿಗೆ ವ್ಯತ್ಯಾಸ ತಿಳಿಯದು. ಆದುದರಿಂದ ಎರಡು ಅಳತೆಗಳನ್ನೂ ಬೇರೆಬೇರೆಯಾಗಿ ಕೇಳುವ ಎಟ್ಯಾನ್2 ಎಂಬುದನ್ನು ಫೋರ್ಟ್ರಾನ್ ಭಾಷೆಯ ಕಾಲದಿಂದ ಇಟ್ಟಿರುವರು. ಸಿ, ಪೈಥಾನ್, ಜಾವಾಗಳಲ್ಲಿ ಲಂಬದ ಅಳತೆಯನ್ನು ಮೊದಲು ಕೊಡಬೇಕು. ಎಕ್ಸೆಲ್ಲಿನಲ್ಲಿ ಅಡ್ಡದ ಅಳತೆಯೇ ಮೊದಲು. ಇದನ್ನು ಮರೆತವನ ಹಡಗು ಬೇರೊಂದು ಬಂದರಿಗೆ ಹೋದೀತು. ನಮ್ಮ ಹಿಂದಿನ ಗಣಕರು ವೃತ್ತವನ್ನು ನಾಲ್ಕು ಪದಗಳಾಗಿ ವಿಂಗಡಿಸಿ, ಗ್ರಹವು ಯಾವ ಪದದಲ್ಲಿರುವುದೆಂದು ನೋಡಿಕೊಂಡೇ ಮುಂದುವರಿಯುತ್ತಿದ್ದುದು ಇದೇ ಕಾರಣದಿಂದ. ಇನ್ನು ಎಸೈನಿನ ಸಂಗತಿ. ಜ್ಯಾವು ತ್ರಿಜ್ಯಕ್ಕಿಂತ ದೊಡ್ಡದಾಗಲಾರದು. ಆದರೆ ಹಿಂದಿನ ಲೆಕ್ಕಗಳಲ್ಲಿ ಅಂಕೆಗಳನ್ನು ಕತ್ತರಿಸಿದ ದೋಷದಿಂದ ಒಂದು ಎಂಬುದು ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದರೂ ಸಾಕು, ಪೈಥಾನ್ ತಪ್ಪೆಂದು ಹೇಳಿ ನಿಂತುಬಿಡುವುದು. ಜಾವಾವು ಸಂಖ್ಯೆಯೇ ಅಲ್ಲವೆಂಬ ಉತ್ತರವನ್ನು ಕೊಡುವುದು. ಮೊದಲೇ ಮೌಲ್ಯವನ್ನು ಎಲ್ಲೆಯೊಳಗೆ ತಂದುಕೊಳ್ಳುವುದು ವಿವೇಕ.

ಮತ್ತೆ ಮಾಧವನ ಕಡೆಗೆ ಬರೋಣ. ಟ್ಯಾನ್ ಮೌಲ್ಯವು ಸರಿಯಾಗಿ ಒಂದಾದಾಗ ಕೋನವು ನಲವತ್ತೈದು ಡಿಗ್ರಿ. ಆಗ ಶ್ರೇಢಿಯು ಒಂದರಿಂದ ಮೂರನೆಯ ಒಂದನ್ನು ಕಳೆ, ಐದನೆಯ ಒಂದನ್ನು ಕೂಡಿಸು ಎಂಬ ಸರಳ ರೂಪ ತಾಳಿ, ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ಕೊಡುವುದು. ನೋಟಕ್ಕೆ ಚೆಲುವಾದ ಈ ಶ್ರೇಢಿಯು ನಡೆಯಲ್ಲಿ ಬಲು ನಿಧಾನ. ಹತ್ತು ಪದಗಳನ್ನು ಕೂಡಿಸಿ ನಾಲ್ಕರಿಂದ ಗುಣಿಸಿದರೆ ಬರುವುದು 3.04184 ಮಾತ್ರ. ಮಾಧವನ ಪರಂಪರೆಯವರು ಇಲ್ಲಿಗೆ ಕೈಚೆಲ್ಲಲಿಲ್ಲ. ಲೆಕ್ಕವನ್ನು ನಿಲ್ಲಿಸಿದೆಡೆಯಲ್ಲಿ ಉಳಿದ ದೋಷವೆಷ್ಟೆಂದು ಅಳೆದು, ಅದನ್ನು ತುಂಬುವ ಅಂತ್ಯಸಂಸ್ಕಾರಗಳನ್ನು ಒಂದಕ್ಕಿಂತ ಒಂದು ಸೂಕ್ಷ್ಮವಾಗಿ ರೂಪಿಸಿದರು. ಹತ್ತು ಪದಗಳ ಅದೇ ಮೊತ್ತಕ್ಕೆ ಎರಡನೆಯ ಸಂಸ್ಕಾರವನ್ನು ಸೇರಿಸಿದರೆ 3.14159 ಬರುವುದು; ಮೂರನೆಯದನ್ನು ಸೇರಿಸಿದರೆ 3.1415927 ಬರುವುದು. ಮೂವತ್ತು ಡಿಗ್ರಿಯ ಚಾಪವನ್ನು ಹಿಡಿದು, ಹನ್ನೆರಡರ ವರ್ಗಮೂಲದಿಂದ ಹೊರಡುವ ಇನ್ನೊಂದು ವೇಗದ ಶ್ರೇಢಿಯೂ ಇವರಿಗೆ ತಿಳಿದಿತ್ತು. ಅದರಲ್ಲಿ ಇಪ್ಪತ್ತೊಂದು ಪದಗಳಿಗೆ ಹನ್ನೊಂದು ದಶಮಾಂಶ ಸ್ಥಾನಗಳು ಸರಿಹೊಂದುವುವು. ವ್ಯಾಸವು 9,00,00,00,00,000 ಆದಾಗ ಪರಿಧಿಯು 28,27,43,33,88,233 ಎಂದು ಮಾಧವನು ಶ್ಲೋಕದಲ್ಲಿ ಹೇಳಿರುವುದಾಗಿ ಶಿಷ್ಯರು ಬರೆದಿರುವರು. ದೇವತೆಗಳೆಂದರೆ ಮೂವತ್ತಮೂರು, ಕಣ್ಣೆಂದರೆ ಎರಡು, ಆನೆಯೆಂದರೆ ಎಂಟು, ನಕ್ಷತ್ರವೆಂದರೆ ಇಪ್ಪತ್ತೇಳು ಎಂಬ ಸಂಕೇತಗಳಿಂದ ಹೆಣೆದ ಶ್ಲೋಕವದು. ಭಾಗಿಸಿ ನೋಡಿದರೆ 3.14159265359 ಎಂದಾಗುವುದು. ಇದಲ್ಲದೆ 225 ಕಲೆಗಳಿಗೊಂದರಂತೆ ಇಪ್ಪತ್ತನಾಲ್ಕು ಜ್ಯಾಗಳನ್ನು ಕಟಪಯಾದಿ ಅಕ್ಷರಗಳಲ್ಲಿ ಆತನು ಕಟ್ಟಿಕೊಟ್ಟಿರುವನು. ಅವು ಏಳೆಂಟು ದಶಮಾಂಶ ಸ್ಥಾನಗಳ ವರೆಗೆ ಸರಿಯಾಗಿವೆ.

ಸ್ವಂತ ಗ್ರಂಥವು ಕಳೆದುಹೋದರೂ ಇಷ್ಟೆಲ್ಲ ಉಳಿದುದು ಹೇಗೆ? ಗುರುಶಿಷ್ಯಪರಂಪರೆಯ ಪ್ರಾಮಾಣಿಕತೆಯಿಂದ. ಮಾಧವನ ಶಿಷ್ಯನು ವಟಶ್ಶೇರಿಯ ಪರಮೇಶ್ವರನು. ಐವತ್ತೈದು ವರ್ಷ ಆಕಾಶವನ್ನೂ ಗ್ರಹಣಗಳನ್ನೂ ಕಣ್ಣಾರೆ ನೋಡಿ ಲೆಕ್ಕವನ್ನು ತಿದ್ದಿದ ಮಹಾಶಯನೀತ. 1431ರಲ್ಲಿ ದೃಗ್ಗಣಿತವನ್ನು ರಚಿಸಿದನು. ಆತನ ಮಗ ದಾಮೋದರನು. ದಾಮೋದರನ ಶಿಷ್ಯರು ನೀಲಕಂಠ ಸೋಮಯಾಜಿ ಮತ್ತು ಜ್ಯೇಷ್ಠದೇವ. ನೀಲಕಂಠನು 1500ರ ಸುಮಾರಿಗೆ ತಂತ್ರಸಂಗ್ರಹವನ್ನು ಬರೆದನು. ಜ್ಯೇಷ್ಠದೇವನು ಸುಮಾರು 1530ರಲ್ಲಿ ಯುಕ್ತಿಭಾಷೆಯನ್ನು ಸಂಸ್ಕೃತದಲ್ಲಿ ಬರೆಯದೆ ಮಲೆಯಾಳದ ಗದ್ಯದಲ್ಲಿ ಬರೆದನು. ಸೂತ್ರವನ್ನು ಬಾಯಿಪಾಠ ಮಾಡಿಸುವುದು ಆತನ ಇಚ್ಛೆಯಾಗಿರಲಿಲ್ಲ. ಸೂತ್ರವು ಏಕೆ ಸತ್ಯವೆಂಬ ಯುಕ್ತಿಯನ್ನು ಜನದ ನುಡಿಯಲ್ಲಿ ಹಂತಹಂತವಾಗಿ ತಿಳಿಸಿದನು. ದೇಶಭಾಷೆಯಲ್ಲಿ ಉಚ್ಚ ಗಣಿತವನ್ನು ಹೇಳಲಾಗದೆಂದು ಸಂಶಯಪಡುವವರು ಈ ಒಂದು ಪುಸ್ತಕವನ್ನು ನೆನೆದರೆ ಸಾಕು. ಶಂಕರ ವಾರಿಯರನು ತನ್ನ ವ್ಯಾಖ್ಯಾನಗಳಲ್ಲಿ ಇಂತಿಂಥದು ಮಾಧವನದೆಂದು ಎತ್ತಿ ಹೇಳಿರುವನು. ಗುರುವಿನ ಗ್ರಂಥವಿಲ್ಲದಿರುವಾಗ ಅದನ್ನೆಲ್ಲ ತಮ್ಮದೆಂದು ಹೇಳಿಕೊಂಡಿದ್ದರೆ ಕೇಳುವವರು ಯಾರಿದ್ದರು? ಅವರು ಹಾಗೆ ಮಾಡಲಿಲ್ಲ.

ಯೂರೋಪಿನಲ್ಲಿ ಈ ಶ್ರೇಢಿಯನ್ನು 1671ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿಯು ಕಂಡನು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಲೈಬ್ನಿಟ್ಸನು ನಲವತ್ತೈದು ಡಿಗ್ರಿಯ ರೂಪವನ್ನು ಕಂಡನು. ಮಾಧವನಿಗೂ ಅವರಿಗೂ ಇರುವ ಅಂತರವು ಎರಡೂವರೆ ಶತಮಾನ. 1830ರ ದಶಕದಲ್ಲಿ ಮಲಬಾರಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಚಾರ್ಲ್ಸ್ ವಿಶ್ ಎಂಬಾತನ ಪ್ರಬಂಧವು ಲಂಡನ್ನಿನಲ್ಲಿ ಪ್ರಕಟವಾಗಿ ಕೇರಳದ ಈ ಗ್ರಂಥಗಳನ್ನು ಪರಿಚಯಿಸಿತು. ವಿದ್ವಲ್ಲೋಕವು ಅದಕ್ಕೆ ತಕ್ಕಷ್ಟು ಕಿವಿಗೊಡಲಿಲ್ಲ. 1940ರ ದಶಕದಲ್ಲಿ ಮುಕುಂದ ಮಾರಾರ್, ಸಿ. ಟಿ. ರಾಜಗೋಪಾಲ್ ಇವರೂ, ಆಮೇಲೆ ಕೆ. ವಿ. ಶರ್ಮರೂ ದುಡಿದ ಮೇಲೆಯೇ ಮಾಧವನ ಹೆಸರು ಶ್ರೇಢಿಗೆ ಅಂಟಿಕೊಂಡಿತು. ಇಂದು ಅನೇಕರು ಅದನ್ನು ಮಾಧವ-ಗ್ರೆಗರಿ ಶ್ರೇಢಿಯೆಂದು ಕರೆಯುವರು. ಇದು ನಮಗೆ ಸಂತೋಷದ ಸಂಗತಿ. ಆದರೆ ಪಾದ್ರಿಗಳ ಮೂಲಕ ಈ ವಿದ್ಯೆಯು ಕೇರಳದಿಂದ ಯೂರೋಪಿಗೆ ಸಾಗಿತೆಂದು ಕೆಲವರು ಹೇಳುವ ಮಾತಿಗೆ ನೇರವಾದ ಪ್ರಮಾಣವು ಇದುವರೆಗೆ ದೊರೆತಿಲ್ಲ. ಪ್ರಮಾಣವಿಲ್ಲದುದನ್ನು ಅಭಿಮಾನದ ಬಲದಿಂದ ಸತ್ಯವೆಂದು ಸಾರುವುದು ನಮಗೆ ಒಪ್ಪಿಗೆಯಿಲ್ಲ. ದೋಷವನ್ನು ಹನ್ನೊಂದನೆಯ ಸ್ಥಾನದ ವರೆಗೆ ಅಟ್ಟಿಸಿಕೊಂಡು ಹೋದವನನ್ನು ಅತಿಶಯೋಕ್ತಿಯಿಂದ ಹೊಗಳಿದರೆ ಅದು ಹೊಗಳಿಕೆಯಾಗಲಾರದು. ಗ್ರೆಗರಿಯು ತಾನಾಗಿ ಕಂಡನೆಂದು ಒಪ್ಪಿದರೂ ಮಾಧವನ ಮೊದಲ ಸ್ಥಾನಕ್ಕೆ ಕುಂದಿಲ್ಲ.

ಯಂತ್ರದೊಳಗಿನ ಎಟ್ಯಾನ್ ಇಂದು ಹೇಗೆ ನಡೆಯುತ್ತದೆಂಬುದನ್ನೂ ಹೇಳಿಬಿಡೋಣ. 1993ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಸಂಸ್ಥೆಯು ಹೊರತಂದ ಗಣಿತವಿಧಿಗಳ ಸಂಗ್ರಹವು ಮುಂದಿನ ಅನೇಕ ಭಾಷೆಗಳಿಗೆ ಆಧಾರವಾಯಿತು. ಅದರಲ್ಲಿ ಎಟ್ಯಾನಿನ ವಿಧಿಯು ಮೊದಲು ಮೌಲ್ಯವನ್ನು ಹದಿನಾರನೆಯ ಏಳು ಎಂಬ ಎಲ್ಲೆಯೊಳಗೆ ಇಳಿಸಿಕೊಂಡು, ಆಮೇಲೆ ಹನ್ನೊಂದು ಸ್ಥಿರಾಂಕಗಳಿಂದ ಗುಣಿಸಿ ಕೂಡಿಸುತ್ತದೆ. ಆ ಸ್ಥಿರಾಂಕಗಳಲ್ಲಿ ಮೊದಲನೆಯದು 0.333333333333329; ಎರಡನೆಯದು ಋಣ 0.199999999988, ಮೂರನೆಯದು 0.142857142725. ಇವು ಮೂರನೆಯ ಒಂದು, ಐದನೆಯ ಒಂದು, ಏಳನೆಯ ಒಂದು ಎಂಬವುಗಳೇ. ಅನಂತವಾದ ಶ್ರೇಢಿಯನ್ನು ಹನ್ನೊಂದಕ್ಕೆ ನಿಲ್ಲಿಸುವುದರಿಂದ ಉಳಿಯುವ ದೋಷವನ್ನು ಹಂಚಿಹಾಕಲು ಒಂದಿಷ್ಟು ತಿದ್ದಿದವು. ಮೌಲ್ಯವನ್ನು ಚಿಕ್ಕದು ಮಾಡಿಕೋ, ಪದಗಳನ್ನು ಕೂಡಿಸು, ನಿಲ್ಲಿಸಿದೆಡೆಯ ದೋಷವನ್ನು ಸಂಸ್ಕರಿಸು: ಮೂರು ಹಂತಗಳೂ ಸಂಗಮಗ್ರಾಮದ ಪರಂಪರೆಗೆ ಪರಿಚಿತವೇ. ಯಂತ್ರದ ವಿಧಿಯನ್ನು ಬರೆದವರು ಮಾಧವನನ್ನು ಓದಿ ಬರೆದರೆಂದು ನಾವು ಹೇಳುತ್ತಿಲ್ಲ. ಸತ್ಯವು ಒಂದೇ ಆಗಿರುವುದರಿಂದ ದಾರಿಯೂ ಒಂದೇ ಆಯಿತು.

ನಮ್ಮ ಶಾಲಾ ಕಾಲೇಜುಗಳಲ್ಲಿ ಗಣಕವಿದ್ಯೆಯನ್ನು ಕಲಿಸುವ ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ಎಟ್ಯಾನನ್ನು ಹೇಳಿಕೊಡುವ ದಿನ ಹತ್ತು ನಿಮಿಷ ಹೆಚ್ಚು ತೆಗೆದುಕೊಂಡು, ನೆರಳಿನ ಲೆಕ್ಕವನ್ನು ಮೂರು ಪದಗಳ ವರೆಗೆ ಹಲಗೆಯ ಮೇಲೆ ಕೈಯಿಂದ ಮಾಡಿಸಿ, ಅನಂತರ ಯಂತ್ರದ ಉತ್ತರದೊಡನೆ ಹೋಲಿಸಿ ತೋರಿಸಲಿ. ಚಿಕ್ಕದನ್ನು ದೊಡ್ಡದರಿಂದ ಭಾಗಿಸಬೇಕೆಂಬ ಎಲ್ಲೆಯನ್ನು ಹೇಳಲಿ. ಅದನ್ನು ಮೀರಿದರೆ ಏನಾಗುವುದೆಂಬುದನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಿ ಕಾಣಲಿ. ಕೊನೆಗೆ ಮಾಧವನ ಹೆಸರನ್ನೂ, ಆ ಹೆಸರನ್ನು ಮರೆಮಾಡದೆ ನಮಗೆ ಮುಟ್ಟಿಸಿದ ಪರಮೇಶ್ವರ, ನೀಲಕಂಠ, ಜ್ಯೇಷ್ಠದೇವ, ಶಂಕರರ ಹೆಸರುಗಳನ್ನೂ ಹೇಳಲಿ. ಪರೀಕ್ಷೆಗೆ ಇದರಿಂದ ಅಂಕವೇನೂ ಬರಲಾರದು. ಆದರೆ ವಿದ್ಯೆಯೆಂಬುದು ಯಂತ್ರದೊಳಗೆ ತಾನಾಗಿ ಹುಟ್ಟಿದ್ದಲ್ಲ, ಒಬ್ಬರು ಇನ್ನೊಬ್ಬರಿಗೆ ಕೈಯಾರೆ ಕೊಟ್ಟುದೆಂಬ ಅರಿವು ಬಂದೀತು.